ಲೋವರಿಂಗ್ ಸ್ಪ್ರಿಂಗ್ ಹಾಕಿದ ಮೇಲೆ ಸ್ವಿಫ್ಟ್‌ನಲ್ಲಿ ನಾಲ್ಕು ಥರದ ಸದ್ದು: ಎಲ್ಲಿಂದ ಹುಡುಕಲಿ?

ತುಂಗಾತೀರ (ಶಿವಮೊಗ್ಗ)

ನಮಸ್ಕಾರ. ಗಾಡಿ 2015ರ ಸ್ವಿಫ್ಟ್ ಪೆಟ್ರೋಲ್, 68,000 ಕಿಮೀ ಓಡಿದೆ, ಟೈರ್ 185/65 ಆರ್15. ಮೂರು ವಾರದ ಹಿಂದೆ ನಾಲ್ಕೂ ಕಡೆ 40 ಮಿಮೀ ಇಳಿಸುವ ಸ್ಪ್ರಿಂಗ್ ಹಾಕಿಸಿದ್ದು. ಶಾಕ್ ಅಬ್ಸಾರ್ಬರ್, ಮೇಲಿನ ಮೌಂಟಿಂಗ್, ಅದರ ಬೇರಿಂಗ್, ಬಂಪ್ ಸ್ಟಾಪರ್ (ಸಸ್ಪೆನ್ಷನ್ ಪೂರ್ತಿ ಕುಗ್ಗಿದಾಗ ತಡೆಯುವ ರಬ್ಬರ್) ಎಲ್ಲ ಹಳೆಯವೇ. ಬಿಚ್ಚಿದ್ದು, ಬಿಗಿ ಮಾಡಿದ್ದು ಎಲ್ಲ ಏರ್ ಗನ್ನಲ್ಲಿ, ಗಾಡಿ ಲಿಫ್ಟ್ ಮೇಲೆ ಇದ್ದಾಗಲೇ. ಅಲೈನ್‌ಮೆಂಟ್ ಇನ್ನೂ ಮಾಡಿಸಿಲ್ಲ. ಮೊದಲು ಒಂದು ಸದ್ದೂ ಇರಲಿಲ್ಲ. ಈಗ ಬರುತ್ತಿರುವುದು ಇವು:

1. ನಿಂತಲ್ಲೇ ಸ್ಟೀರಿಂಗ್ ಪೂರ್ತಿ ತಿರುಗಿಸಿದರೆ ಮುಂದಿನ ಎಡಗಡೆಯಿಂದ "ಟೊಂಯ್" ಅಂತ ಸ್ಪ್ರಿಂಗ್ ಹಾರಿದ ಹಾಗೆ.
2. ಸಣ್ಣ ಗುಂಡಿ, ಕಿತ್ತುಹೋದ ಟಾರು ರಸ್ತೆಯಲ್ಲಿ 20–30 ವೇಗದಲ್ಲಿ ಮುಂದೆ "ಟಕ್ ಟಕ್". ವೇಗ ಜಾಸ್ತಿಯಾದರೆ ಕೇಳಿಸಲ್ಲ.
3. ಹಂಪ್ ಹತ್ತುವಾಗ ಏನೂ ಇಲ್ಲ, ಇಳಿದ ತಕ್ಷಣ "ಟಡಕ್".
4. ಹಿಂದೆ ಮೂವರು ಕೂತರೆ ದೊಡ್ಡ ಗುಂಡಿಗೆ "ಧಡ್" ಅಂತ ಗಟ್ಟಿಯಾದ ಹೊಡೆತ.

ಗ್ಯಾರೇಜ್‌ನವರು ಶಾಕ್ಸ್ ನಾಲ್ಕೂ ಹೋಗಿವೆ, ಬದಲಾಯಿಸಿ ಅಂತಿದ್ದಾರೆ. ಮುಂದಿನ ಶಾಕ್ಸ್‌ನಲ್ಲಿ ಆಯಿಲ್ ಲೀಕ್ ಕಾಣ್ತಿಲ್ಲ. ದುಡ್ಡು ಹಾಕುವ ಮೊದಲು ಯಾವ ಸದ್ದು ಯಾವುದರದ್ದು ಅಂತ ಗೊತ್ತಾಗಬೇಕು. ಮನೇಲಿ ಜಾಕ್, ಎರಡು ಸ್ಟ್ಯಾಂಡ್, ಸ್ಪ್ಯಾನರ್ ಸೆಟ್ ಇದೆ.

ಟಾರ್ಕ್_ರೆಂಚ್

ಇನ್ನೂ ಏನೂ ಕೊಳ್ಳಬೇಡಿ. ನಾಲ್ಕು ಸದ್ದು ಅಂದರೆ ನಾಲ್ಕು ಕಾರಣ ಇರಬಹುದು. ಅದರಲ್ಲಿ ಮೂರು ಜೋಡಣೆಯ ತಪ್ಪಿನ ಹಾಗೆ ಕಾಣುತ್ತಿವೆ. ಸದ್ದು ಯಾವಾಗ ಬರುತ್ತದೆ ಅನ್ನೋದನ್ನ ಇಷ್ಟು ಬಿಡಿಸಿ ಬರೆದಿದ್ದೀರಿ, ಅರ್ಧ ಕೆಲಸ ಅಲ್ಲೇ ಆಯಿತು.

ಮೊದಲು "ಟೊಂಯ್". ಸ್ಟೀರಿಂಗ್ ತಿರುಗಿದಾಗ ಸ್ಟ್ರಟ್ಟಿನ (ಮುಂದೆ ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಒಟ್ಟಿಗಿರುವ ಜೋಡಣೆ) ಕೊಳವೆ, ಸ್ಪ್ರಿಂಗ್, ಮೇಲಿನ ಸ್ಪ್ರಿಂಗ್ ಸೀಟು ಮೂರೂ ಒಟ್ಟಿಗೆ ತಿರುಗಬೇಕು. ಮೌಂಟಿಂಗ್ ಬಾಡಿಗೆ ಅಂಟಿಕೊಂಡು ನಿಂತಿರುತ್ತದೆ. ಇವೆರಡರ ನಡುವೆ ಇರುವ ಬೇರಿಂಗ್ ಹಿಡಿದುಕೊಂಡರೆ ಸ್ಪ್ರಿಂಗ್ ಕೆಳಗಿನಿಂದ ತಿರುಚಿಕೊಳ್ಳುತ್ತಾ ಹೋಗಿ, ಒಂದು ಹಂತಕ್ಕೆ ಬಂದಾಗ ಜಾರಿ ಬಿಟ್ಟುಕೊಳ್ಳುತ್ತದೆ. ಆ ಬಿಟ್ಟುಕೊಂಡ ಸದ್ದೇ ನಿಮಗೆ ಕೇಳಿಸುತ್ತಿರುವುದು. ಬೇರಿಂಗ್ ಚೆನ್ನಾಗಿದ್ದರೂ ಸ್ಪ್ರಿಂಗಿನ ತುದಿ ಕೆಳಗಿನ ಸೀಟಿನ ಮೆಟ್ಟಿಲಿಗೆ ಕೂತಿಲ್ಲದಿದ್ದರೆ ಇದೇ ಸದ್ದು ಬರುತ್ತದೆ. ಮೂರನೆಯ ಸಾಧ್ಯತೆ: ಬೇರಿಂಗ್ ತಲೆಕೆಳಗಾಗಿ ಕೂತಿದೆ, ಅಥವಾ ಅದರ ಕೆಳಗಿನ ಸೀಟು ಓರೆಯಾಗಿದೆ.

ಪರೀಕ್ಷೆಗೆ ಗಾಡಿ ನೆಲದ ಮೇಲೇ ಇರಲಿ. ಒಬ್ಬರು ಒಳಗೆ ಕೂತು ಸ್ಟೀರಿಂಗನ್ನು ನಿಧಾನಕ್ಕೆ ಒಂದು ಕೊನೆಯಿಂದ ಇನ್ನೊಂದು ಕೊನೆಗೆ ತಿರುಗಿಸಲಿ. ನೀವು ಚಕ್ರದ ಮೇಲಿನ ಸಂದಿಯಿಂದ ಕೈ ಹಾಕಿ, ಅಂಗೈಯನ್ನು ಸ್ಪ್ರಿಂಗಿನ ಹೊರಮೈಗೆ ಇಡಿ. ಬೆರಳು ಸುತ್ತುಗಳ ನಡುವೆ ಹೋಗಲೇಬಾರದು, ಸ್ಪ್ರಿಂಗ್ ಹಾರಿದರೆ ಬೆರಳು ಜಜ್ಜಿಹೋಗುತ್ತದೆ. ಸ್ಪ್ರಿಂಗ್ ಒಂದೇ ಸಮನೆ ತಿರುಗಿದರೆ ಸರಿ. ಸ್ವಲ್ಪ ಹೊತ್ತು ಬಿಗಿಯಾಗಿ ನಿಂತು, ಆಮೇಲೆ ಕೈಗೆ ಒದ್ದ ಹಾಗೆ ಜಿಗಿದರೆ ಸಿಕ್ಕಿಬಿತ್ತು. ಬಲಗಡೆಯೂ ಹೀಗೇ ನೋಡಿ. ಸದ್ದಿಲ್ಲದ ಬದಿ ಹೇಗೆ ತಿರುಗುತ್ತದೆ ಅಂತ ಕೈಗೆ ಗೊತ್ತಿದ್ದರೆ ಎಡಗಡೆಯ ವ್ಯತ್ಯಾಸ ತಾನಾಗಿ ತಿಳಿಯುತ್ತದೆ.

ಆಮೇಲೆ ಟಾರ್ಚ್ ಹಿಡಿದು ಕೆಳಗಿನ ಸೀಟು ನೋಡಿ. ಸೀಟಿನಲ್ಲಿ ಒಂದು ಮೆಟ್ಟಿಲು ಇದೆ, ಸ್ಪ್ರಿಂಗಿನ ಕತ್ತರಿಸಿದ ತುದಿ ಅದಕ್ಕೆ ತಾಗಿ ನಿಲ್ಲಬೇಕು. ತುದಿ ಮೆಟ್ಟಿಲು ಹತ್ತಿ ಕೂತಿದ್ದರೆ, ಅಥವಾ ಅದರಿಂದ ಒಂದೆರಡು ಬೆರಳು ದೂರ ಇದ್ದರೆ ತಪ್ಪು. ಸಂಶಯ ಬಂದರೆ ಸ್ಟೇಷನರಿ ಅಂಗಡಿಯ ವೈಟ್ನರ್ ಪೆನ್ನಿನಿಂದ ಸ್ಪ್ರಿಂಗ್ ತುದಿಗೂ ಸೀಟಿಗೂ ಸೇರಿಸಿ ಒಂದು ಗೆರೆ ಎಳೆದು ಹತ್ತು ಕಿಲೋಮೀಟರ್ ಓಡಿಸಿ. ಗೆರೆ ಎರಡಾಗಿ ಸರಿದಿದ್ದರೆ ಸ್ಪ್ರಿಂಗ್ ಜರುಗುತ್ತಿದೆ ಅಂತ ಅರ್ಥ.

ಇನ್ನು ಮೂರನೆಯದು, ಹಂಪ್ ಇಳಿದಾಗ ಬರುವ "ಟಡಕ್". ಚಕ್ರ ಕೆಳಗೆ ಜೋತಾಗ ಸ್ಪ್ರಿಂಗ್ ಸಡಿಲವಾಗಿ ಸೀಟಿನಿಂದ ಎದ್ದು, ಮತ್ತೆ ಭಾರ ಬಿದ್ದಾಗ ಬಡಿಯುತ್ತಿರಬಹುದು. ಲೆಕ್ಕ ಹಾಕಿ ತೋರಿಸುತ್ತೇನೆ. ಇವು ನಿಮ್ಮ ಗಾಡಿಯ ಅಳತೆಗಳಲ್ಲ, ವಿಷಯ ಹಿಡಿಯಲು ತೆಗೆದುಕೊಂಡ ಅಂಕಿಗಳು. ಒಂದು ಮೂಲೆಯ ಸ್ಪ್ರಿಂಗಿನ ಮೇಲೆ 270 ಕೆಜಿ ಭಾರ ಅಂದುಕೊಳ್ಳಿ. ಹಳೆಯ ಸ್ಪ್ರಿಂಗ್ ಒಂದು ಮಿಮೀಗೆ 2 ಕೆಜಿ ಆದರೆ ಅದು 135 ಮಿಮೀ ಕುಗ್ಗಿ ನಿಲ್ಲುತ್ತದೆ. ಹೊಸದು 2.7 ಕೆಜಿ ಆದರೆ 100 ಮಿಮೀ ಮಾತ್ರ ಕುಗ್ಗುತ್ತದೆ. ಹಳೆಯದರಲ್ಲಿ ಚಕ್ರ ಪೂರ್ತಿ ಜೋತಾಗಲೂ 60 ಮಿಮೀ ಒತ್ತಡ ಉಳಿದಿತ್ತು ಅಂದರೆ, ನಿಂತ ಎತ್ತರದಿಂದ ಕೆಳಗೆ ಜೋಲುವ ದೂರ 75 ಮಿಮೀ. ಗಾಡಿ 40 ಮಿಮೀ ಇಳಿದಿದೆ, ಶಾಕ್ ಅಬ್ಸಾರ್ಬರ್ ಉದ್ದ ಬದಲಾಗಿಲ್ಲ. ಹಾಗಾಗಿ ಈಗ ಆ ದೂರ 115 ಮಿಮೀ. ಸ್ಪ್ರಿಂಗ್ ಚಾಚಿಕೊಳ್ಳುವುದು 100 ಮಾತ್ರ. ಉಳಿದ 15 ಮಿಮೀಯಲ್ಲಿ ಸ್ಪ್ರಿಂಗ್ ಗಾಳಿಯಲ್ಲಿರುತ್ತದೆ.

ಒಳ್ಳೆಯ ಲೋವರಿಂಗ್ ಸ್ಪ್ರಿಂಗಿನಲ್ಲಿ ಒಂದು ಕೊನೆಯಲ್ಲಿ ಹತ್ತಿರ ಹತ್ತಿರ ಸುತ್ತಿದ ಮೃದುವಾದ ಸುತ್ತುಗಳು ಇರುವುದು ಇದಕ್ಕೇ. ಭಾರ ಇದ್ದಾಗ ಅವು ಒಂದರ ಮೇಲೊಂದು ಕೂತಿರುತ್ತವೆ, ಚಕ್ರ ಜೋತಾಗ ಬಿಚ್ಚಿಕೊಂಡು ಸೀಟನ್ನು ಬಿಡದೆ ಹಿಡಿದಿರುತ್ತವೆ.

ಪರೀಕ್ಷೆ ಸುಲಭ. ಮುಂದಿನ ಎರಡೂ ಚಕ್ರ ಎತ್ತಿ, ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಸ್ಪ್ರಿಂಗನ್ನು ಕೈಯಲ್ಲಿ ಹಿಡಿದು ತಿರುಗಿಸಿ, ಮೇಲೆ ಕೆಳಗೆ ಆಡಿಸಿ. ಅಲುಗಾಡಬಾರದು. ಜಾಕ್ ಒಂದನ್ನೇ ನಂಬಿ ಅಡಿಗೆ ಹೋಗಬೇಡಿ.

ಲೋಯರ್_ಆರ್ಮ್

ಎರಡನೆಯ ಸದ್ದಿಗೆ, ಅಂದರೆ "ಟಕ್ ಟಕ್"ಗೆ, ನಾನು ಈ ಕ್ರಮದಲ್ಲಿ ಹೋಗುತ್ತೇನೆ: ಮೇಲಿನ ನಟ್, ಲಿಂಕ್ ರಾಡ್ (ಗಾಡಿ ವಾಲದಂತೆ ತಡೆಯುವ ಸ್ಟೆಬಿಲೈಸರ್ ಬಾರನ್ನು ಸ್ಟ್ರಟ್ಟಿಗೆ ಸೇರಿಸುವ ಕಡ್ಡಿ), ನಕಲ್ (ಚಕ್ರ ಕೂರುವ ಕಬ್ಬಿಣದ ಭಾಗ) ಬೋಲ್ಟ್, ಲೋಯರ್ ಆರ್ಮ್ (ಚಕ್ರವನ್ನು ಕೆಳಗಿನಿಂದ ಹಿಡಿಯುವ ತೋಳು) ಬುಷ್. ಸುಲಭವಾಗಿ ಕೈಗೆ ಸಿಗುವುದು ಮೊದಲು.

ಮೇಲಿನ ನಟ್ ಮೇಲೆ ನನಗೆ ತುಂಬಾ ಅನುಮಾನ, ಯಾಕಂದರೆ ಗನ್ ಅಂತ ಬರೆದಿದ್ದೀರಿ. ಗನ್ ಹೊಡೆದಾಗ ನಟ್ ಜೊತೆ ಶಾಕ್ ಅಬ್ಸಾರ್ಬರಿನ ರಾಡೂ ಗಿರ್ರನೆ ತಿರುಗುತ್ತದೆ. ಹೊರಗಿನಿಂದ ಬಿಗಿಯಾದ ಹಾಗೆ ಕಂಡರೂ ನಟ್ ಪೂರ್ತಿ ಕೂತಿರಲ್ಲ. ಬಾನೆಟ್ ಎತ್ತಿ, ಸ್ಟ್ರಟ್ ಟವರಿನ ಕ್ಯಾಪ್ ತೆಗೆದು, ರಾಡಿನ ತಲೆಗೆ ಆ್ಯಲನ್ ಕೀ ಹಾಕಿ ಹಿಡಿದು, ರಿಂಗ್ ಸ್ಪ್ಯಾನರಿನಿಂದ ನಟ್ ತಿರುಗುತ್ತದಾ ನೋಡಿ. ಕಾಲು ಸುತ್ತು ತಿರುಗಿದರೂ ಸಡಿಲ ಅಂತಲೇ ಲೆಕ್ಕ. ಅದು ಲಾಕ್ ನಟ್, ಒಮ್ಮೆ ಬಿಚ್ಚಿದರೆ ಹೊಸದು ಹಾಕಬೇಕು. ಕಡಿಮೆ ಬೆಲೆಯ ಸಾಮಾನು, ಇದರಲ್ಲಿ ಉಳಿಸುವುದು ಬೇಡ. ಎಷ್ಟು ಟಾರ್ಕ್ ಅನ್ನುವುದು ನಿಮ್ಮ ಮಾಡೆಲ್ಲಿನ ಸರ್ವಿಸ್ ಮ್ಯಾನುಯಲ್‌ನಲ್ಲಿದೆ, ಅದನ್ನೇ ಇಟ್ಟುಕೊಳ್ಳಿ.

ಇನ್ನೊಂದು ಪರೀಕ್ಷೆ: ಟವರಿನ ಮಧ್ಯದ ರಾಡಿನ ತಲೆಯ ಮೇಲೆ ಒಂದು ಬೆರಳು, ಪಕ್ಕದ ಬಾಡಿಯ ಮೇಲೆ ಇನ್ನೊಂದು ಬೆರಳು ಇಟ್ಟುಕೊಳ್ಳಿ. ಇನ್ನೊಬ್ಬರು ಆ ಮೂಲೆಯನ್ನು ಒತ್ತಿ ಒತ್ತಿ ಬಿಡಲಿ. ರಬ್ಬರ್ ಇರುವುದರಿಂದ ಸ್ವಲ್ಪ ಮೆತ್ತಗೆ ಆಡುತ್ತದೆ, ಅದು ಸರಿ. ಬೆರಳಿಗೆ "ಟಿಕ್" ಅಂತ ಒದ್ದರೆ ನಟ್ ಸಡಿಲ, ಇಲ್ಲವೇ ಮೌಂಟಿಂಗಿನ ರಬ್ಬರ್ ಕಬ್ಬಿಣದಿಂದ ಬಿಟ್ಟಿದೆ.

ಲಿಂಕ್ ರಾಡ್ ನೋಡುವಾಗ ಸುಮಾರು ಜನ ತಪ್ಪು ಮಾಡುತ್ತಾರೆ. ಒಂದೇ ಚಕ್ರ ಎತ್ತಿ ಲಿಂಕ್ ಅಲುಗಾಡಿಸಿ, ಆಟ ಇಲ್ಲ ಅಂದುಬಿಡುತ್ತಾರೆ. ಒಂದು ಚಕ್ರ ಮೇಲಿದ್ದು ಇನ್ನೊಂದು ನೆಲದಲ್ಲಿದ್ದರೆ ಸ್ಟೆಬಿಲೈಸರ್ ಬಾರ್ ತಿರುಚಿಕೊಂಡು ಲಿಂಕಿನ ಎರಡೂ ಬಾಲ್ ಜಾಯಿಂಟನ್ನು ಒಂದು ಕಡೆಗೆ ಒತ್ತಿ ಹಿಡಿದಿರುತ್ತದೆ. ಸವೆದಿದ್ದರೂ ಗೊತ್ತಾಗಲ್ಲ. ಎರಡೂ ಚಕ್ರ ನೆಲದಲ್ಲಿರಲಿ, ಇಲ್ಲ ಎರಡೂ ಮೇಲಿರಲಿ. ಆಗ ಲಿಂಕನ್ನು ಮುಷ್ಟಿಯಲ್ಲಿ ಹಿಡಿದು ಜೋರಾಗಿ ಮೇಲೆ ಕೆಳಗೆ ಎಳೆಯಿರಿ.

ಖಚಿತ ಆಗಬೇಕಾದರೆ ಎರಡೂ ಕಡೆಯ ಲಿಂಕನ್ನು ಸ್ಟ್ರಟ್ ಕಡೆಯಿಂದ ಬಿಚ್ಚಿ, ಎಲ್ಲೂ ತಾಗದ ಹಾಗೆ ಕೇಬಲ್ ಟೈಯಲ್ಲಿ ಕಟ್ಟಿ, ಅದೇ ಕೆಟ್ಟ ರಸ್ತೆಯಲ್ಲಿ 20ರಲ್ಲಿ ಓಡಿಸಿ. ಸದ್ದು ನಿಂತರೆ ಲಿಂಕ್ ಅಥವಾ ಸ್ಟೆಬಿಲೈಸರ್ ಬುಷ್, ಬೇರೆ ಯಾವುದೂ ಅಲ್ಲ. ಆ ಸ್ಥಿತಿಯಲ್ಲಿ ತಿರುವಿನಲ್ಲಿ ಗಾಡಿ ಜಾಸ್ತಿ ವಾಲುತ್ತದೆ, ಹೆದ್ದಾರಿಗೆ ತೆಗೆದುಕೊಂಡು ಹೋಗಬೇಡಿ. ಮತ್ತೆ ಹಾಕುವಾಗ ಸ್ಟಡ್ಡಿನ ತುದಿಗೆ ಆ್ಯಲನ್ ಕೀ ಕೊಟ್ಟು ಹಿಡಿದೇ ನಟ್ ಬಿಗಿ ಮಾಡಿ. ಇಲ್ಲದಿದ್ದರೆ ಸ್ಟಡ್ ಒಳಗೇ ಸುತ್ತಿ ರಬ್ಬರ್ ಬೂಟ್ ಹರಿಯುತ್ತದೆ, ಒಳಗೆ ಮರಳು ಹೋಗುತ್ತದೆ, ಚೆನ್ನಾಗಿದ್ದ ಲಿಂಕ್ ಕೆಲವೇ ತಿಂಗಳಲ್ಲಿ ಹಾಳು.

ನಕಲ್ಲಿಗೆ ಸ್ಟ್ರಟ್ ಹಿಡಿಯುವ ಎರಡು ಬೋಲ್ಟಿಗೂ ವೈಟ್ನರ್ ಗೆರೆ ಎಳೆಯಿರಿ. ಬೋಲ್ಟಿಗೂ ರಂಧ್ರಕ್ಕೂ ನಡುವೆ ಕೂದಲೆಳೆಯ ಜಾಗ ಇರುತ್ತದೆ. ಬಿಗಿ ಸಾಲದಿದ್ದರೆ ಬ್ರೇಕ್ ಹಾಕಿದಾಗ ಸ್ಟ್ರಟ್ ಅಷ್ಟು ಜಾರಿ ಒಂದೇ ಒಂದು "ಟಕ್" ಬರುತ್ತದೆ. ಖಾಲಿ ಜಾಗದಲ್ಲಿ ಒಮ್ಮೆ ಮುಂದೆ, ಒಮ್ಮೆ ಹಿಂದೆ ಚಲಿಸಿ ಬ್ರೇಕ್ ಒತ್ತಿ ನೋಡಿ.

ಕೊನೆಗೆ ಬುಷ್. ಇಲ್ಲಿ "ಲಿಫ್ಟ್ ಮೇಲೆ ಇದ್ದಾಗಲೇ" ಅನ್ನುವ ನಿಮ್ಮ ಮಾತು ಮುಖ್ಯ. ಲೋಯರ್ ಆರ್ಮಿನ ಬುಷ್ಷಿನಲ್ಲಿ ರಬ್ಬರು ಒಳಗಿನ ಕೊಳವೆಗೂ ಹೊರಗಿನ ಕೊಳವೆಗೂ ಅಂಟಿರುತ್ತದೆ. ಅದು ಉಜ್ಜಿ ತಿರುಗಲ್ಲ, ತಿರುಚಿಕೊಳ್ಳುತ್ತದೆ. ಚಕ್ರ ಜೋತಾಡುವಾಗ ಆ ಬೋಲ್ಟ್ ಬಿಗಿ ಮಾಡಿದರೆ, ನೆಲಕ್ಕೆ ಇಳಿಸಿದಾಗ ರಬ್ಬರ್ ಆಗಲೇ ತಿರುಚಿಕೊಂಡು ನಿಂತಿರುತ್ತದೆ. ಕಿರ್ ಕಿರ್ ಸದ್ದು, ಸೀಳು, ಗಾಡಿ ಪೂರ್ತಿ ಕೆಳಗೆ ಕೂರದಿರುವುದು ಎಲ್ಲ ಇದರಿಂದ. ನಿಮ್ಮವರು ಆರ್ಮ್ ಬೋಲ್ಟ್ ಬಿಚ್ಚದೆ ಇದ್ದಿದ್ದರೂ ತೊಂದರೆ ಇದೆ: ಹಳೆಯ ಎತ್ತರಕ್ಕೆ ಬಿಗಿಯಾದ ಬುಷ್ ಈಗ 40 ಮಿಮೀಯಷ್ಟು ತಿರುಚಿಕೊಂಡೇ ಕೂತಿದೆ. ಎರಡರಲ್ಲೂ ಮದ್ದು ಒಂದೇ. ಗಾಡಿಯ ಭಾರ ಚಕ್ರದ ಮೇಲಿರುವಾಗ, ರ‍್ಯಾಂಪ್ ಅಥವಾ ಪಿಟ್ ಮೇಲೆ, ಬೋಲ್ಟ್ ಸಡಿಲ ಮಾಡಿ, ಗಾಡಿಯನ್ನು ನಾಲ್ಕು ಸಲ ಕುಲುಕಿ, ಮತ್ತೆ ಬಿಗಿ ಮಾಡಿ.

ಕಿರ್ ಕಿರ್ ಯಾವ ಬುಷ್ಷಿನದು ಅಂತ ತಿಳಿಯಲು ಒಂದೊಂದಕ್ಕೇ ನೀರು ಚಿಮುಕಿಸಿ ಕುಲುಕಿ. ಸದ್ದು ಸ್ವಲ್ಪ ಹೊತ್ತು ನಿಂತರೆ ಅದೇ. ಡೀಸೆಲ್, ಹಳೆ ಎಂಜಿನ್ ಆಯಿಲ್ ಮಾತ್ರ ಸುರಿಯಬೇಡಿ, ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ.

ಗಾಡಿ_ಗೆಳೆಯ

ಇಷ್ಟೆಲ್ಲ ಯಾಕೆ ಗುರು, ಸ್ಪ್ರಿಂಗ್ ಸುತ್ತುಗಳ ಮಧ್ಯೆ ಆ ರಬ್ಬರ್ ಬಫರ್ ಸಿಕ್ಕಿಸಿ. ಬೆಂಗಳೂರಿನ ಜೆ.ಸಿ. ರೋಡಲ್ಲಿ ಬೇಕಾದಷ್ಟು ಸಿಗುತ್ತೆ. ಗಾಡಿನೂ ಸ್ವಲ್ಪ ಏಳುತ್ತೆ, ಧಡ್ ಅನ್ನೋದೂ ನಿಲ್ಲುತ್ತೆ. ಇಲ್ಲಾಂದ್ರೆ ಬಂಪ್ ಸ್ಟಾಪರ್ ತೆಗೆದುಬಿಡಿ, ಅದೇ ತಾಗ್ತಿರೋದು.

ಟಾರ್ಕ್_ರೆಂಚ್

ಎರಡೂ ದಯವಿಟ್ಟು ಬೇಡ. ಬಫರ್ ಸಿಕ್ಕಿಸಿದ ಕಡೆ ಆ ಸುತ್ತು ಕೆಲಸ ಮಾಡುವುದು ನಿಲ್ಲಿಸುತ್ತದೆ, ಅದರ ಪಾಲಿನ ಒತ್ತಡ ಅಕ್ಕಪಕ್ಕದ ಸುತ್ತುಗಳ ಮೇಲೆ ಬೀಳುತ್ತದೆ. ಐದು ಸುತ್ತು ಕೆಲಸ ಮಾಡುವ ಸ್ಪ್ರಿಂಗಿನಲ್ಲಿ ಒಂದನ್ನು ಕಟ್ಟಿಹಾಕಿದರೆ ಅದು 25 ಶೇಕಡಾ ಗಟ್ಟಿಯಾಗುತ್ತದೆ. ಇಳಿಸುವುದಕ್ಕೆ ಸ್ಪ್ರಿಂಗ್ ಕತ್ತರಿಸಿದಾಗ ಆಗುವುದೂ ಇದೇ ಲೆಕ್ಕ. ಗ್ಯಾಸ್ ಕಟರಿನಿಂದ ಕಾಯಿಸಿ ಇಳಿಸುವುದು ಅದಕ್ಕಿಂತ ಅಪಾಯ, ಉಕ್ಕಿನ ಹದವೇ ಹೋಗಿ ಒಂದು ದಿನ ತುಂಡಾಗುತ್ತದೆ. ಬಫರ್ ಸಂದಿಯಲ್ಲಿ ಮರಳು, ನೀರು ನಿಂತು ಬಣ್ಣ ಉಜ್ಜಿಹೋಗಿ ತುಕ್ಕು ಹಿಡಿಯುವುದಂತೂ ಇದ್ದದ್ದೇ.

ಬಂಪ್ ಸ್ಟಾಪರ್ ತೆಗೆದರೆ "ಧಡ್" ನಿಲ್ಲಲ್ಲ, ಹೊಡೆತ ಶಾಕ್ ಅಬ್ಸಾರ್ಬರ್ ಒಳಗೆ ಬೀಳುತ್ತದೆ. ಪಿಸ್ಟನ್ ಹೋಗಿ ತಳದ ವಾಲ್ವಿಗೆ ಬಡಿದರೆ ಅಲ್ಲಿಗೆ ಅದರ ಆಯಸ್ಸು ಮುಗಿಯಿತು. ಸ್ಟಾಪರನ್ನು ಕತ್ತರಿಸಲು ಸ್ಪ್ರಿಂಗ್ ತಯಾರಕರು ಅಳತೆ ಕೊಟ್ಟಿದ್ದರೆ ಮಾತ್ರ ಅಷ್ಟೇ ಕತ್ತರಿಸಿ, ಚೂಪಾದ ಬ್ಲೇಡಿನಿಂದ, ಅದರ ಮೈಮೇಲಿನ ಉಂಗುರದ ಗೆರೆಯಲ್ಲೇ.

ಸ್ಟಾಪರಿಗೆ ಎಷ್ಟು ಜಾಗ ಉಳಿದಿದೆ ಅಂತ ಅಳೆಯಬಹುದು. ಗಾಡಿ ನೆಲದ ಮೇಲಿರುವಾಗ ಧೂಳಿನ ಬೂಟ್ ಮೇಲಕ್ಕೆ ಸರಿಸಿ. ಹೊಳೆಯುವ ರಾಡ್ ಕಾಣುತ್ತದೆ. ಸ್ಟಾಪರಿನ ಕೆಳತುದಿಯಿಂದ ಕೊಳವೆಯ ಮುಚ್ಚಳದವರೆಗೆ ಸ್ಕೇಲ್ ಇಡಿ. ಆಮೇಲೆ ರಾಡಿಗೆ ಒಂದು ತೆಳು ಕೇಬಲ್ ಟೈ ಹಾಕಿ, ಜಾರುವಷ್ಟು ಮಾತ್ರ ಬಿಗಿ ಮಾಡಿ, ಮುಚ್ಚಳಕ್ಕೆ ತಾಗಿಸಿ ಬಿಡಿ. ಒಂದು ದಿನ ಓಡಿಸಿ ಬೂಟ್ ಎತ್ತಿದರೆ, ಟೈ ಎಲ್ಲಿಯವರೆಗೆ ತಳ್ಳಿಸಿಕೊಂಡು ಹೋಗಿದೆಯೋ ಅಷ್ಟು ಕುಗ್ಗಿದೆ ಅಂತ ಲೆಕ್ಕ. ಟೈ ಸ್ಟಾಪರಿಗೆ ಒತ್ತಿಕೊಂಡಿದ್ದರೆ ದಿನವೂ ಸ್ಟಾಪರ್ ಮೇಲೆ ಓಡುತ್ತಿದ್ದೀರಿ.

ತುಂಗಾತೀರ

ನಿನ್ನೆ, ಇವತ್ತು ಕೂತು ಇಷ್ಟು ನೋಡಿದೆ:

ಎಡಗಡೆ ಸ್ಪ್ರಿಂಗ್ ಅಂಗೈಗೆ ಜೋರಾಗಿ ಒದೆಯುತ್ತದೆ, ಬಲಗಡೆ ಬೆಣ್ಣೆಯ ಹಾಗೆ ತಿರುಗುತ್ತದೆ. ಟಾರ್ಚ್ ಬಿಟ್ಟು ನೋಡಿದರೆ ಎಡಗಡೆ ಕೆಳತುದಿ ಮೆಟ್ಟಿಲು ಹತ್ತಿ ಕೂತಿದೆ. ಅದು ಹತ್ತಿದ ಜಾಗದಲ್ಲಿ ಸೀಟಿನ ಬಣ್ಣ ಎದ್ದು ಹಿತ್ತಾಳೆಯ ಹಾಗೆ ಹೊಳೀತಿದೆ.

ಮೇಲಿನ ನಟ್: ಬಲಗಡೆ ಸರಿ. ಎಡಗಡೆ ಆ್ಯಲನ್ ಕೀ ಹಿಡಿದು ತಿರುಗಿಸಿದರೆ ಹೆಚ್ಚುಕಮ್ಮಿ ಮುಕ್ಕಾಲು ಸುತ್ತು ಬಂತು.

ಎರಡೂ ಚಕ್ರ ಎತ್ತಿದಾಗ ಸ್ಪ್ರಿಂಗ್ ಸಡಿಲ ಆಗಲ್ಲ, ಎರಡೂ ಕಡೆ ಬಿಗಿಯಾಗೇ ಇದೆ. ಮೇಲ್ಗಡೆ ಮೂರು ಸುತ್ತು ಹತ್ತಿರ ಹತ್ತಿರ ಇವೆ. ಹಾಗಾದರೆ "ಟಡಕ್" ಎಲ್ಲಿಂದ?

ಲಿಂಕ್ ರಾಡಲ್ಲಿ ಆಟ ಸಿಗಲಿಲ್ಲ. ಲಿಂಕ್ ಬಿಚ್ಚಿ ಓಡಿಸಿದರೂ ಟಕ್ ಟಕ್ ಹಾಗೇ ಇತ್ತು. ಬೋಲ್ಟುಗಳ ಗೆರೆ ಜರುಗಿಲ್ಲ.

ಟಾರ್ಕ್_ರೆಂಚ್

ತುಂಬಾ ಒಳ್ಳೆಯ ಕೆಲಸ. "ಟಡಕ್" ಕೂಡ ಎಡಗಡೆಯ ಆ ನಟ್ಟಿನದೇ ಅನಿಸುತ್ತದೆ. ಚಕ್ರ ಜೋತಾಗ ರಾಡ್ ಮೌಂಟಿಂಗನ್ನು ಕೆಳಕ್ಕೆ ಎಳೆಯುತ್ತದೆ, ಭಾರ ಬಿದ್ದಾಗ ಮೇಲಕ್ಕೆ ತಳ್ಳುತ್ತದೆ. ನಟ್ ಸಡಿಲವಿದ್ದರೆ ದಿಕ್ಕು ಬದಲಾಗುವ ಆ ಕ್ಷಣಕ್ಕೇ ಬಡಿತ. ಸಣ್ಣ ಗುಂಡಿಯ "ಟಕ್ ಟಕ್" ಅದರದೇ ಸಣ್ಣ ರೂಪ. ಆದರೆ ಮೇಲಿನ ಸುತ್ತುಗಳೂ ಒಂದಕ್ಕೊಂದು ಬಡಿದು ಟಿಕ್ ಅನ್ನಬಹುದು. ಬಿಚ್ಚಿದಾಗ ಅಲ್ಲಿ ಬಣ್ಣ ಉಜ್ಜಿದ ಗುರುತಿದೆಯಾ ನೋಡಿ. ಇದ್ದರೆ ಆ ಸುತ್ತುಗಳಿಗೆ ಪ್ಲಾಸ್ಟಿಕ್ ತೋಳು ಹಾಕಿಸಿ, ಸ್ಪ್ರಿಂಗ್ ತಯಾರಕರದ್ದೇ ಸಿಕ್ಕಿದರೆ ಒಳ್ಳೆಯದು. ಪೆಟ್ರೋಲ್ ಪೈಪ್ ಸೀಳಿ ಸುತ್ತಿದರೆ ಒಳಗೆ ನೀರು ನಿಲ್ಲುತ್ತದೆ.

ಬಿಚ್ಚುವಾಗ ಒಂದು ಎಚ್ಚರಿಕೆ. ಮೇಲಿನ ನಟ್ ಸಡಿಲ ಇದೆ ಅಂತ ಸ್ಪ್ರಿಂಗ್ ಕಂಪ್ರೆಸರ್ ಹಾಕದೆ ಬಿಚ್ಚಲು ಹೋಗಬೇಡಿ. ಲೋವರಿಂಗ್ ಸ್ಪ್ರಿಂಗ್ ಗಿಡ್ಡ ಇದ್ದರೂ ಒಳಗೆ ಒತ್ತಡ ಇದ್ದೇ ಇರುತ್ತದೆ. ಎರಡು ಕಂಪ್ರೆಸರ್ ಎದುರು ಬದುರು, ಕೈ ಸ್ಪ್ಯಾನರಿನಿಂದ ಒಂದೊಂದಕ್ಕೆ ನಾಲ್ಕೈದು ಸುತ್ತು ಸಮನಾಗಿ. ಸ್ಪ್ರಿಂಗಿನ ನೇರಕ್ಕೆ ಮುಖ ಬರದ ಹಾಗೆ ನಿಲ್ಲಿ. ಹೊಸ ಬೇರಿಂಗ್, ಹೊಸ ಲಾಕ್ ನಟ್ ಎರಡೂ ಕಡೆಗೆ ತನ್ನಿ. ಹಳೆಯ ಬೇರಿಂಗನ್ನು ಕೈಯಲ್ಲಿ ಒತ್ತಿ ತಿರುಗಿಸಿದಾಗ ಮರಳು ಉಜ್ಜಿದ ಹಾಗೆ ಅನಿಸಿದರೆ ಅದು ಮುಗಿದಿದೆ. ಜೋಡಿಸುವಾಗ ತುದಿಯನ್ನು ಮೆಟ್ಟಿಲಿಗೆ ತಾಗಿಸಿ ಹಿಡಿದು, ಕಂಪ್ರೆಸರ್ ಬಿಡುತ್ತಾ ಬರುವಾಗ ಅದು ಜರುಗದ ಹಾಗೆ ನೋಡುತ್ತಲೇ ಇರಿ. ಸ್ಪ್ರಿಂಗ್ ಹತ್ತಿ ಕೂರುವುದು ಆ ಕೊನೆಯ ಒಂದೆರಡು ಸುತ್ತಿನಲ್ಲೇ. ಬ್ರೇಕ್ ಹೋಸ್, ಎಬಿಎಸ್ ವೈರ್ ಕ್ಲಿಪ್ಪುಗಳು ಸ್ಟ್ರಟ್ಟಿಗೆ ವಾಪಸ್ ಕೂತಿವೆಯಾ ಅಂತಲೂ ನೋಡಿ.

ಹುಬ್ಬಳ್ಳಿ_ಗಾಡಿ

ಎಲ್ಲಾರೂ ಮುಂದಿಂದ ಹೇಳ್ಯಾರ, ಹಿಂದಿನ ಧಡ್ ಉಳದದ ನೋಡ್ರಿ. ಮೊದ್ಲ ಡಿಕ್ಕಿ ಪೂರ್ತಿ ಖಾಲಿ ಮಾಡ್ರಿ. ಸ್ಟೆಪ್ನಿ, ಜಾಕು, ವೀಲ್ ಸ್ಪ್ಯಾನರ್ ಎಲ್ಲಾ ತಗದ ಇಡ್ರಿ. ಹಿಂದಿನ ಸೀಟಿನ ಲಾಕ್ ಸರಿ ಕೂತದೇನ ನೋಡ್ರಿ. ಗಟ್ಟಿ ಸ್ಪ್ರಿಂಗ್ ಹಾಕಿದ ಮ್ಯಾಲೆ ಇವು ಹೊಡಕೋತಾವ, ಜನ ಸಸ್ಪೆನ್ಷನ್ ಅಂತ ತಿಳಕೋತಾರ.

ಸ್ವಿಫ್ಟ್ ಹಿಂದ ಟಾರ್ಷನ್ ಬೀಮ್ (ಹಿಂದಿನ ಎರಡೂ ಗಾಲಿ ಜೋಡಿಸೋ ಅಡ್ಡ ತೊಲಿ) ಐತಿ. ಸ್ಪ್ರಿಂಗ್ ಬ್ಯಾರೆ, ಶಾಕ್ ಬ್ಯಾರೆ ಕುಂತಿರ್ತಾವ. ಸ್ಪ್ರಿಂಗಿನ ಮ್ಯಾಲೆ ಕೆಳಗ ಎರಡೂ ಕಡೆ ರಬ್ಬರ್ ಸೀಟ್ ಇರಬೇಕ್ರಿ. ಹಳೇ ಸ್ಪ್ರಿಂಗ್ ತಗಿಯೋ ಮುಂದ ರಬ್ಬರ್ ಅದಕ್ಕ ಅಂಟಕೊಂಡ ಹೋಗಿರ್ತದ, ಹೊಸಾದಕ್ಕ ಹಾಕೋದು ಮರೀತಾರ. ಆಗ ಕಬ್ಬಿಣಕ್ಕ ಕಬ್ಬಿಣ ತಾಗ್ತದ. ಹಳೇ ಸ್ಪ್ರಿಂಗ್ ಮನ್ಯಾಗ ಇದ್ರ ಈಗ ಹೋಗಿ ನೋಡ್ರಿ, ರಬ್ಬರ್ ಅದರ ಮ್ಯಾಲೇ ಕುಂತಿರಬಹುದು. ಸ್ಪ್ರಿಂಗ್ ಉಲ್ಟಾ ಹಾಕ್ಯಾರೇನೂ ನೋಡ್ರಿ. ಅದರ ಮ್ಯಾಲಿನ ಬರಹ ಸೀದಾ ಓದಾಕ ಬರೂವಂಗ ಇರಬೇಕು.

ಹಿಂದಿನ ಶಾಕಿನ ಕೆಳಗಿನ ಬೋಲ್ಟ್, ಬೀಮಿನ ಮುಂದಿನ ಬುಷ್ ಬೋಲ್ಟ್ ಎರಡೂ ಗಾಡಿ ನೆಲದ ಮ್ಯಾಲಿದ್ದಾಗ ಸಡಿಲ ಮಾಡಿ ಬಿಗಿ ಮಾಡ್ರಿ. ಮುಂದಿಂದಕ್ಕ ಹೇಳಿದ ಮಾತ ಇಲ್ಲೂ ಅದ.

ಇಷ್ಟ ಮಾಡಿದ ಮ್ಯಾಲೂ ಮೂರು ಮಂದಿ ಕುಂತಾಗ ಧಡ್ ಅಂದ್ರ ಅದು ಖರೇನ ಸ್ಟಾಪರಿಗೆ ಹೊಡಿಯಾಕತ್ತದ. ಮೂರು ಮಂದಿ ಅಂದ್ರ ಹತ್ತತ್ರ 200 ಕೆಜಿ, ಅದರಾಗ ಹೆಚ್ಚಿನ ಪಾಲು ಹಿಂದಿನ ಎರಡು ಸ್ಪ್ರಿಂಗಿನ ಮ್ಯಾಲೆ. ಮೊದ್ಲ 40 ಮಿಮೀ ಕೆಳಗ ಐತಿ, ಇನ್ನೆಲ್ಲಿ ಜಾಗ ಉಳೀತದ.

ಲೋಯರ್_ಆರ್ಮ್

ಹುಬ್ಬಳ್ಳಿಯವರ ಮಾತಿಗೆ ಸೇರಿಸಿ: ಆ ಸ್ವಿಫ್ಟ್‌ಗೆ ಕಂಪನಿ ಹೇಳುವ ಗ್ರೌಂಡ್ ಕ್ಲಿಯರೆನ್ಸ್ 170 ಮಿಮೀ. ನಿಮ್ಮದು ಈಗ 130, ಭಾರ ತುಂಬಿದರೆ ಇನ್ನೂ ಕಡಿಮೆ. 1988ರ ಐಆರ್‌ಸಿ 99 (ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾರ್ಗಸೂಚಿ) ಹೇಳಿದ್ದು ಹಂಪ್ 10 ಸೆಂಮೀ ಎತ್ತರ, 3.7 ಮೀಟರ್ ಅಗಲ ಇರಬೇಕು ಅಂತ. ಅಷ್ಟು ಅಗಲವಾಗಿದ್ದರೆ ಗಾಡಿ ನಿಧಾನಕ್ಕೆ ದಾಟುತ್ತದೆ. ನಮ್ಮ ಬಡಾವಣೆಗಳಲ್ಲಿ ಅದೇ ಎತ್ತರವನ್ನು ಒಂದು ಮಾರಿನಷ್ಟೂ ಅಗಲ ಇಲ್ಲದೆ ಕಟ್ಟಿರುತ್ತಾರೆ, ಅಲ್ಲಿ ಹೊಟ್ಟೆ ಉಜ್ಜುತ್ತದೆ. ಎಕ್ಸಾಸ್ಟ್ ಪೈಪ್, ಎಂಜಿನ್ ಕೆಳಗಿನ ತಟ್ಟೆ, ಚಕ್ರದ ಒಳಗಿನ ಪ್ಲಾಸ್ಟಿಕ್ ಲೈನರ್ ಇವುಗಳಲ್ಲಿ ಹೊಸ ಗೀರು ಇದೆಯಾ ನೋಡಿ. "ಧಡ್" ಅಲ್ಲಿಂದಲೂ ಬರಬಹುದು.

ತುಂಗಾತೀರ

ಮುಂದಿನದು ಮುಗಿಯಿತು. ಎಡಗಡೆ ಬೇರಿಂಗ್ ಒಳಗೆ ಕೆಂಪು ತುಕ್ಕಿನ ಪುಡಿ ತುಂಬಿತ್ತು. ಎರಡೂ ಕಡೆ ಹೊಸ ಬೇರಿಂಗ್, ಲಾಕ್ ನಟ್ ಹಾಕಿ, ಟಾರ್ಕ್ ರೆಂಚ್ ಇರುವ ಬೇರೆ ಕಡೆ ಬಿಗಿ ಮಾಡಿಸಿದೆ. ಆರ್ಮ್ ಬೋಲ್ಟುಗಳನ್ನು ಪಿಟ್ ಮೇಲೆ ಸಡಿಲ ಮಾಡಿದಾಗ ಗಾಡಿ ಕಣ್ಣಿಗೆ ಕಾಣುವಷ್ಟು ಕೆಳಗೆ ಕೂತಿತು. ಟೊಂಯ್, ಟಕ್ ಟಕ್, ಟಡಕ್ ಮೂರೂ ಹೋದವು. ಸುತ್ತುಗಳಲ್ಲಿ ಉಜ್ಜಿದ ಗುರುತು ಇರಲಿಲ್ಲ.

ಹಿಂದೆ, ಹೇಳಿದ ಹಾಗೇ, ಬಲಗಡೆಯ ಮೇಲಿನ ರಬ್ಬರ್ ಹಳೆಯ ಸ್ಪ್ರಿಂಗಿಗೇ ಅಂಟಿಕೊಂಡು ಮನೆಯಲ್ಲಿತ್ತು. ಅದನ್ನು ಹಾಕಿದ ಮೇಲೆ ಖಾಲಿ ಗಾಡಿ ಪೂರ್ತಿ ಮೌನ. ಹೊಟ್ಟೆಯಲ್ಲಿ ಗೀರಿಲ್ಲ. ಮೂವರು ಕೂತರೆ ಮಾತ್ರ ದೊಡ್ಡ ಗುಂಡಿಗೆ "ಧಡ್" ಇನ್ನೂ ಇದೆ. ಇದಕ್ಕೆ ಶಾಕ್ಸ್ ಬದಲಾಯಿಸಿದರೆ ಹೋಗುತ್ತದಾ?

ಟಾರ್ಕ್_ರೆಂಚ್

ಪೂರ್ತಿ ಹೋಗಲ್ಲ. ಶಾಕ್ ಅಬ್ಸಾರ್ಬರ್ ಭಾರ ಹೊರುವುದಿಲ್ಲ, ವೇಗ ತಗ್ಗಿಸುತ್ತದೆ ಅಷ್ಟೇ. ಗಾಡಿ ನಿಂತಾಗಲೇ ಸ್ಟಾಪರಿಗೆ ಜಾಗ ಇಲ್ಲದಿದ್ದರೆ ಯಾವ ಶಾಕ್ ಹಾಕಿದರೂ ಬಡಿಯುತ್ತದೆ. ಮೂವರನ್ನು ಕೂರಿಸಿ ಆ ಅಳತೆ ತೆಗೆಯಿರಿ. 15–20 ಮಿಮೀಗಿಂತ ಕಡಿಮೆ ಉಳಿದಿದ್ದರೆ ಈ ಸ್ಪ್ರಿಂಗ್ ನಿಮ್ಮ ಬಳಕೆಗೆ ಹೊಂದುವುದಿಲ್ಲ. ಮನೆಮಂದಿ ಕೂತು ಓಡಾಡುವ ಗಾಡಿಗೆ ಹಿಂದೆ 25 ಮಿಮೀ ಇಳಿಸುವುದೇ ಸಾಕು, ನನ್ನ ಅಭಿಪ್ರಾಯದಲ್ಲಿ.

ಜಾಗ ಚೆನ್ನಾಗಿದ್ದೂ ಬಡಿದರೆ ಶಾಕ್ಸ್ ನೋಡಬೇಕು. ಸ್ಪ್ರಿಂಗ್ 35 ಶೇಕಡಾ ಗಟ್ಟಿಯಾದರೆ ಮೊದಲಿನಷ್ಟೇ ಹಿಡಿತಕ್ಕೆ ಶಾಕಿನ ತಡೆ ಹತ್ತಿರ ಹತ್ತಿರ 16 ಶೇಕಡಾ ಹೆಚ್ಚಬೇಕು, 1.35ರ ವರ್ಗಮೂಲ 1.16. 68,000 ಕಿಮೀ ಓಡಿದ ಹಳೆಯ ಶಾಕಿಗೆ ಅದು ಕಷ್ಟ. ಇನ್ನೊಂದು ವಿಷಯ: ಇಷ್ಟು ದಿನ ಹೊರಗಿದ್ದ ರಾಡಿನ ಭಾಗ ಈಗ ಸೀಲಿನ ಒಳಗೆ ಓಡಾಡುತ್ತಿದೆ. ಅಲ್ಲಿ ತುಕ್ಕಿನ ಚುಕ್ಕೆ ಇದ್ದರೆ ಸೀಲ್ ಕೊಯ್ಯುತ್ತದೆ. ಹಾಗಾಗಿ ತಿಂಗಳಿಗೊಮ್ಮೆ ಬೂಟ್ ಎತ್ತಿ ನೋಡಿ. ರಾಡಿನ ಮೇಲೆ ತೆಳು ಜಿಡ್ಡು ಇದ್ದರೆ ಪರವಾಗಿಲ್ಲ, ಕೊಳವೆಯ ಮೇಲೆ ಆಯಿಲ್ ಇಳಿದು ಧೂಳು ಕೆಸರಾಗಿದ್ದರೆ ಎರಡೂ ಬದಿ ಒಟ್ಟಿಗೆ ಬದಲಾಯಿಸಿ.

ಅಲೈನ್‌ಮೆಂಟ್ ಈ ವಾರವೇ ಮಾಡಿಸಿ. ಇಳಿಸಿದಾಗ ಕ್ಯಾಂಬರ್ (ಚಕ್ರ ಒಳಗೆ ಹೊರಗೆ ವಾಲಿರುವ ಕೋನ) ಜೊತೆ ಟೋ (ಮೇಲಿನಿಂದ ನೋಡಿದರೆ ಚಕ್ರದ ಮುಂಭಾಗ ಒಳಗೋ ಹೊರಗೋ ತಿರುಗಿರುವುದು) ಕೂಡ ಬದಲಾಗುತ್ತದೆ, ಟೈರಿನ ಒಳ ಅಂಚು ತಿನ್ನುವುದು ಟೋ ತಪ್ಪಿದರೆ ತುಂಬಾ ಬೇಗ. ಬುಷ್ ಬೋಲ್ಟ್ ಸಡಿಲ ಮಾಡಿ ಎತ್ತರ ಬದಲಾಗಿದ್ದರಿಂದ ಮೊದಲು ಮಾಡಿಸದೆ ಇದ್ದದ್ದು ಒಳ್ಳೆಯದೇ ಆಯಿತು. ಹಾಗೇ, 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ 182ಎ(4) ಪ್ರಕಾರ ಅನುಮತಿ ಇಲ್ಲದ ಮಾರ್ಪಾಡು ಒಂದೊಂದಕ್ಕೂ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ಹಳೆಯ ಸ್ಪ್ರಿಂಗ್, ರಬ್ಬರ್ ಸಮೇತ ಜೋಪಾನವಾಗಿಡಿ, ಗುಜರಿಗೆ ಹಾಕಬೇಡಿ.

ತುಂಗಾತೀರ

ಅಳೆದೆ. ಮೂವರು ಕೂತಾಗ ಹಿಂದೆ ಎಡಗಡೆ 9 ಮಿಮೀ, ಬಲಗಡೆ 11. ಹಿಂದಿನ ಎರಡಕ್ಕೆ 25 ಮಿಮೀಯ ಸ್ಪ್ರಿಂಗ್ ವಿಚಾರಿಸುತ್ತಿದ್ದೇನೆ. ಅದು ಬರುವವರೆಗೆ ಹಿಂದೆ ಹಳೆಯ ಸ್ಪ್ರಿಂಗೇ ಹಾಕಿ ಓಡಿಸುತ್ತೇನೆ. ಅಲೈನ್‌ಮೆಂಟ್ ಅದಾದ ಮೇಲಾ, ಈಗಲೇನಾ?

ಟಾರ್ಕ್_ರೆಂಚ್

ಮುಂದಿನ ಟೋ ಈಗಲೇ ಸರಿ ಮಾಡಿಸಿ, ಟೈರ್ ಉಳಿಯುತ್ತದೆ. ಹಿಂದಿನ ಸ್ಪ್ರಿಂಗ್ ಬದಲಾದ ಮೇಲೆ ಇನ್ನೊಮ್ಮೆ ಚೆಕ್ ಮಾಡಿಸಿದರೆ ಸಾಕು. ಹಿಂದೆ ಬಿಚ್ಚಿದ ಪ್ರತಿ ಸಲವೂ ಶಾಕಿನ ಕೆಳಬೋಲ್ಟ್ ನೆಲದ ಮೇಲೇ ಬಿಗಿ ಮಾಡಿ.